ಇಪ್ಪತ್ತು ಚುಕ್ಕೆಗಳ ಮುಖ

ನನ್ನ ತಂಗಿಯ ಮಗಳು ಇತ್ತೀಚೆಗೆ ಕೆಲಸಕ್ಕೆ ಸೇರಿದಳು. ಹಳೆಯ ಫೋಟೋ, ನೆಗೆಟಿವ್, ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸ. ಸೇರಿದ ದಿನವೇ ಫೋನ್ ಮಾಡಿ, "ದೊಡ್ಡಮ್ಮ, ಸ್ಲೈಡು ಇಂಚಿಗೆ ಎಷ್ಟು ಚುಕ್ಕೆಗೆ ಹಾಕ್ಲಿ? ಇಲ್ಲಿ ಎಲ್ರೂ ಮುನ್ನೂರು ಅಂತಾರೆ" ಎಂದು ಕೇಳಿದಳು. ಮುನ್ನೂರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಊಟ ರುಚಿಸಲಿಲ್ಲ. ಇಷ್ಟು ಕಾಲ ಕಳೆದರೂ ಆ ಹಾಳು ಅಂಕಿ ಇನ್ನೂ ಬದುಕಿದೆ ಎಂದು ಸಂಕಟವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆಯವರಿಗೂ ಉಪಯೋಗವಾದರೆ ಆಗಲಿ. ಖುಷಿಯ ಸಂಗತಿ ಬೇಕೆನ್ನುವವರು ಇಲ್ಲಿಗೇ ನಿಲ್ಲಿಸಿದರೆ ನನಗೇನೂ ಬೇಸರವಿಲ್ಲ.

ನಾನು ಹರಿಹರದವಳು. ಬೆಳಿಗ್ಗೆ ಬಸ್ಸು ಹಿಡಿದು ದಾವಣಗೆರೆಗೆ ಬಂದು, ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿದ್ದ ಸ್ಟುಡಿಯೋದಲ್ಲಿ ಕೆಲಸ ಮಾಡಿ ಸಂಜೆ ವಾಪಸು ಹೋಗುತ್ತಿದ್ದೆ. ಸ್ಟುಡಿಯೋ ಅಂದರೆ ಮುಂದಿನ ಕೋಣೆಯಲ್ಲಿ ಫೋಟೋ, ಹಿಂದಿನ ಕೋಣೆಯಲ್ಲಿ ಕ್ಯಾಲೆಂಡರು, ಲಗ್ನಪತ್ರಿಕೆಗಳ ಮುದ್ರಣ. ಮಾಲೀಕರು ಚನ್ನಬಸಪ್ಪ. ಮಂಡಿಪೇಟೆಯ ಹಳೆಯ ವ್ಯಾಪಾರಸ್ಥರ ಮನೆತನದವರು, ಒಳ್ಳೆಯ ಮನುಷ್ಯ, ಆದರೆ ಒಮ್ಮೆ ತಲೆಗೆ ಹೊಕ್ಕಿದ್ದನ್ನು ಹೊರಗೆ ತೆಗೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ನನ್ನ ಕೆಲಸಕ್ಕೆ ಟಚಿಂಗ್ ಎಂದು ಹೆಸರು. ಸಿಡುಬಿನ ಕಲೆ ಮುಚ್ಚುವುದು, ಕೆದರಿದ ಕೂದಲು ಸರಿಮಾಡುವುದು, ವಧು ಪರೀಕ್ಷೆಗೆ ಕಳಿಸುವ ಫೋಟೋಗಳಲ್ಲಿ ಕೆನ್ನೆಗೆ ಒಂದಿಷ್ಟು ಬೆಳಕು ತುಂಬುವುದು, ಇಂಥವು.

ಇದರ ಜೊತೆ ಇನ್ನೊಂದು ಕೆಲಸವಿತ್ತು. ಅದನ್ನು ನಮ್ಮಲ್ಲಿ "ಕಣ್ಣು ತೆರೆಸೋದು" ಅನ್ನುತ್ತಿದ್ದರು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು ತೀರಿಕೊಂಡರೆ, ಮನೆಯವರು ಅವರನ್ನು ಗೋಡೆಗೆ ಒರಗಿಸಿ ಕೂಡಿಸಿ ಫೋಟೋ ತೆಗೆಸುತ್ತಿದ್ದರು. ಆ ಮುಚ್ಚಿದ ರೆಪ್ಪೆಯ ಮೇಲೆ ನಾನು ಸಣ್ಣ ಬ್ರಷ್ಷಿನಿಂದ ಕಣ್ಣು ಬರೆಯಬೇಕು. ಮಗನನ್ನೋ ತಮ್ಮನನ್ನೋ ಎದುರಿಗೆ ಕೂಡಿಸಿಕೊಂಡು, ಅವರ ಕಣ್ಣು ನೋಡಿ ಬರೆಯುತ್ತಿದ್ದೆ. ಮನೆಯವರು ನೋಡಿ ಅತ್ತರೆ ಸರಿಯಾಗಿ ಬಂದಿದೆ ಎಂದರ್ಥ. ಸುಮ್ಮನೆ ಹಣ ಕೊಟ್ಟು ಹೋದರೆ ಬಂದಿಲ್ಲ ಎಂದರ್ಥ. ಆ ಕೆಲಸ ಮಾಡಿದ ದಿನ ನಾನು ಬಸ್ಸಿನಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಬಣ್ಣದ ಲ್ಯಾಬುಗಳು ಹೆಚ್ಚಿ ನನ್ನ ಬ್ರಷ್ಷಿಗೆ ಕೆಲಸ ಇಲ್ಲದಾಯಿತು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಮನೆಯ ಕಟ್ಟೆ ಮೇಲೆ ಕೂತು ಹೋಗುವ ಬರುವ ಬಸ್ಸು ನೋಡುವುದೇ ಅವರ ಉದ್ಯೋಗವಾಗಿತ್ತು. ನನ್ನ ಗತಿಯೂ ಅದೇ ಎಂದುಕೊಂಡಿದ್ದಾಗ ಚನ್ನಬಸಪ್ಪನವರು ಕಂಪ್ಯೂಟರು, ಸ್ಕ್ಯಾನರು ತಂದರು. ಸ್ಕ್ಯಾನರಿನ ಮುಚ್ಚಳದೊಳಗೂ ಒಂದು ದೀಪವಿತ್ತು. ಸ್ಲೈಡುಗಳ ಮೂಲಕ ಬೆಳಕು ಹಾಯಿಸಲಿಕ್ಕೆ ಅದು.

ಸ್ಲೈಡು ಎಂದರೇನೆಂದು ಈಗಿನವರಿಗೆ ಹೇಳಬೇಕು. ರಟ್ಟಿನ ಪುಟ್ಟ ಚೌಕಟ್ಟಿನಲ್ಲಿ ಕೂಡಿಸಿದ ಫಿಲ್ಮಿನ ತುಂಡು ಅದು. ನೆಗೆಟಿವಿನ ಹಾಗೆ ಬಣ್ಣ ತಿರುಗುಮುರುಗಾಗಿ ಇರುವುದಿಲ್ಲ, ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಬಿಳಿ ಬಟ್ಟೆಯ ಮೇಲೆ ಆಳೆತ್ತರದ ಚಿತ್ರ ಬೀಳುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಅದು ಅಗಲಕ್ಕೆ ಒಂದೂವರೆ ಇಂಚೂ ಇಲ್ಲ, ಎತ್ತರಕ್ಕೆ ಒಂದು ಇಂಚೂ ಇಲ್ಲ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಎಲ್ಲ ಅನಾಹುತ ಇದರಲ್ಲೇ ಇದೆ.

ಯಂತ್ರದ ಮೊದಲ ದಿನಗಳ ಫಜೀತಿ ಒಂದೆರಡಲ್ಲ. ನಮ್ಮ ಪಕ್ಕದಲ್ಲೇ ಒಣಮೆಣಸಿನಕಾಯಿ ಮಂಡಿ. ಅಲ್ಲಿ ಚೀಲ ಕೊಡವಿದರೆ ಇಲ್ಲಿ ನಾವೆಲ್ಲ ಸೀನುತ್ತಿದ್ದೆವು. ಒಮ್ಮೆ ಚನ್ನಬಸಪ್ಪನವರು ಸ್ಕ್ಯಾನರಿನ ಗಾಜಿನ ಮೇಲೆಯೇ ಸೀನಿ, ಯಾರೂ ನೋಡಲಿಲ್ಲವೆಂದು ಪಂಚೆಯ ತುದಿಯಿಂದ ಒರೆಸಿ ಮುಚ್ಚಳ ಹಾಕಿದರು. ಆ ವಾರ ಹೊರಗೆ ಹೋದ ಲಗ್ನಪತ್ರಿಕೆಯ ಗಣಪತಿಗಳಿಗೆಲ್ಲ ಹೊಟ್ಟೆಯ ಮೇಲೆ ಮಚ್ಚೆಗಳಿದ್ದವು. ಯಂತ್ರದ ಡಬ್ಬದ ಮೇಲೆ ಒಂಬತ್ತು ಸಾವಿರದ ಆರುನೂರು ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದು ಏತರ ಲೆಕ್ಕವೆಂದು ಅವರಿಗೂ ಗೊತ್ತಿರಲಿಲ್ಲ, ಬಂದವರೂ ಕೇಳಲಿಲ್ಲ.

ಅವರಿಗೆ ಗೊತ್ತಿದ್ದದ್ದು ಮುನ್ನೂರು ಒಂದೇ. ಹೊರಗಿನ ದೊಡ್ಡ ಪ್ರೆಸ್ಸಿನವರು ಯಾರೋ ಹೇಳಿಕೊಟ್ಟಿದ್ದರಂತೆ, ಛಾಪಿಸುವ ಚಿತ್ರ ಯಾವುದಿದ್ದರೂ ಇಂಚಿಗೆ ಮುನ್ನೂರು ಚುಕ್ಕೆ ಇರಬೇಕು ಎಂದು. ಮಾತು ಸುಳ್ಳಲ್ಲ. ಅಂಗೈ ಅಗಲದ ಫೋಟೋವನ್ನು ಅಂಗೈ ಅಗಲಕ್ಕೇ ಛಾಪಿಸುವುದಾದರೆ ಮುನ್ನೂರಕ್ಕೆ ಸ್ಕ್ಯಾನ್ ಮಾಡಿದರೆ ಸರಿಹೋಗುತ್ತದೆ. ಆದರೆ ಅವರು ಸ್ಲೈಡು ಬಂದರೂ ಮುನ್ನೂರಕ್ಕೇ ಹಾಕಿದರು. ಒಂದೂವರೆ ಇಂಚೂ ಇಲ್ಲದ ಸ್ಲೈಡಿನಿಂದ ಅಡ್ಡಕ್ಕೆ ಬರುವುದು ನಾನೂರ ಇಪ್ಪತ್ತು ಚುಕ್ಕೆ, ಉದ್ದಕ್ಕೆ ಇನ್ನೂರ ಎಂಬತ್ತು. ಪಿಕ್ಸೆಲ್ ಎನ್ನುವುದು ಈ ಚುಕ್ಕೆಗೇ. ಅಷ್ಟನ್ನೇ ಇಡೀ ಹಾಳೆಗೆ ಹರಡಿದರೆ ಒಂದೊಂದು ಚುಕ್ಕೆಯೂ ಕಣ್ಣಿಗೆ ಚೌಕವಾಗಿ ಕಾಣುವಷ್ಟು ಹಿಗ್ಗುತ್ತದೆ.

ಹಾಗೆ ಹಿಗ್ಗಿದ್ದನ್ನು ಮೊದಲು ನೋಡಿದವರು ಒಬ್ಬ ಬಟ್ಟೆ ವ್ಯಾಪಾರಿ. ತಮ್ಮ ಅಂಗಡಿಯ ಕ್ಯಾಲೆಂಡರಿಗೆಂದು ಮನೆದೇವಿಯ ಸ್ಲೈಡು ತಂದುಕೊಟ್ಟಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಸಣ್ಣದಾಗಿ ಚೆನ್ನಾಗಿಯೇ ಇತ್ತು. ಛಾಪಿಸಿದ ಕ್ಯಾಲೆಂಡರನ್ನು ಗಲ್ಲಾದ ಮೇಲೆ ಹಾಸಿ ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಚನ್ನಬಸಣ್ಣ, ಇದು ದೇವಿನೋ ತೇಪೆ ಕೌದಿನೋ?" ಎಂದು ಕೇಳಿ, ಕಟ್ಟುಗಳನ್ನೆಲ್ಲ ಅಲ್ಲೇ ಬಿಟ್ಟು ಎದ್ದು ಹೋದರು. ಓಣಿಯವರೆಲ್ಲ ಅದನ್ನು ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಈ ಯಂತ್ರ ಕೈಕೊಟ್ಟರೆ ಸ್ಟುಡಿಯೋ ಮುಚ್ಚುತ್ತದೆ ಎಂಬ ಹೆದರಿಕೆ ನನಗೆ.

ಚನ್ನಬಸಪ್ಪನವರು ಯಂತ್ರವೇ ಕೆಟ್ಟಿದೆಯೆಂದು ಜಗಳ ತೆಗೆದು ಹುಬ್ಬಳ್ಳಿಯಿಂದ ರಿಪೇರಿಯವನನ್ನು ಕರೆಸಿದರು. ಬಂದವನು ಯಂತ್ರವನ್ನು ಬಿಚ್ಚಲೂ ಇಲ್ಲ. ಇಂಚಿಗೆ ಮುನ್ನೂರು ಅಂದರೆ ಯಾವುದರ ಇಂಚು ಎಂದು ಕೇಳಿದ. ಸ್ಲೈಡಿನ ಇಂಚೋ, ಕ್ಯಾಲೆಂಡರಿನ ಇಂಚೋ? ಒಂದಡಿ ಅಗಲದ ಕ್ಯಾಲೆಂಡರಿಗೆ ಇಂಚಿಗೆ ಮುನ್ನೂರರಂತೆ ಮೂರು ಸಾವಿರದ ಆರುನೂರು ಚುಕ್ಕೆ ಬೇಕು. ಅಷ್ಟನ್ನೂ ಆ ಒಂದೂವರೆ ಇಂಚಿಗೂ ಕಡಿಮೆ ಇರುವ ಫಿಲ್ಮಿನಿಂದ ತೆಗೆಯಬೇಕಾದರೆ ಸ್ಲೈಡಿನ ಇಂಚಿಗೆ ಎರಡೂವರೆ ಸಾವಿರಕ್ಕೆ ಹಾಕಬೇಕು. ಹಾಗಾದರೆ ಡಬ್ಬದ ಮೇಲಿರುವ ಒಂಬತ್ತು ಸಾವಿರದ ಆರುನೂರಕ್ಕೆ ಹಾಕೋಣ ಎಂದು ಮಾಲೀಕರು ಹುರುಪುಗೊಂಡರು. ಅವನು ಬೇಡವೆಂದು ತಲೆಯಾಡಿಸಿದ. ಈ ಯಂತ್ರದ ಕಣ್ಣು ನಿಜವಾಗಿ ನೋಡುವುದು ಸಾವಿರದ ಇನ್ನೂರು ಮಾತ್ರ. ಅದರಾಚೆಗಿನದೆಲ್ಲ ಪಕ್ಕದ ಚುಕ್ಕೆಗಳನ್ನು ನೋಡಿ ಅದು ತಾನೇ ಊಹಿಸಿ ತುಂಬುವುದು. ಚನ್ನಬಸಪ್ಪನವರು ಡಬ್ಬವನ್ನು ಅಟ್ಟಕ್ಕೆ ಹಾಕಿಸಿದರು.

ಅಂದು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಕರ್ಚೀಫನ್ನು ಎಳೆದು ಜಮಖಾನೆ ಮಾಡಲಿಕ್ಕೆ ಹೋದರೆ ಎಳೆ ಹೆಚ್ಚುವುದಿಲ್ಲ, ಎಳೆಗಳ ನಡುವಿನ ತೂತು ದೊಡ್ಡದಾಗುತ್ತದೆ, ಅಷ್ಟೇ ಅಲ್ಲವೇ ಎಂದರು. ಗಿರಣಿಯ ಮಾತು ಆಡಿ ಅವರಿಗೆ ತಿಂಗಳುಗಳೇ ಆಗಿದ್ದವು. ಆ ಹೊತ್ತು ಅವರ ಮುಖ ಕಳೆಕಳೆಯಾಗಿತ್ತು. ನೀವೂ ಇಷ್ಟನ್ನೇ ತಿಳಿದುಕೊಂಡರೆ ಸಾಕು. ಸ್ಲೈಡು ಎಷ್ಟು ಇಂಚಿದೆ, ಅದು ಕೊನೆಗೆ ಎಷ್ಟು ಇಂಚು ಆಗಬೇಕು, ಈ ಎರಡು ಗೊತ್ತಿಲ್ಲದೆ ಯಾವ ಅಂಕಿಯನ್ನೂ ಒತ್ತಬೇಡಿ. ಎಷ್ಟು ಆಗಬೇಕೆಂದು ಗಿರಾಕಿಗೇ ಗೊತ್ತಿಲ್ಲದಿದ್ದರೆ, ಯಂತ್ರ ನಿಜವಾಗಿ ಎಷ್ಟು ನೋಡಬಲ್ಲದೋ ಅಷ್ಟನ್ನೂ ತೆಗೆದಿಡಿ. ದೊಡ್ಡದನ್ನು ಯಾವಾಗ ಬೇಕಾದರೂ ಸಣ್ಣದು ಮಾಡಬಹುದು. ಸಣ್ಣದನ್ನು ದೊಡ್ಡದು ಮಾಡಲಾಗುವುದಿಲ್ಲ. ಕ್ಯಾಲೆಂಡರಿನ ಗಲಾಟೆಯ ಮೇಲೆ ಮಾಲೀಕರು ಸ್ಕ್ಯಾನರನ್ನು ನನ್ನ ಕೈಗೆ ಕೊಟ್ಟರು. ನಾನು ಬ್ರಷ್ಷುಗಳನ್ನು ಕಟ್ಟಿ ಡ್ರಾಯರಿನಲ್ಲಿಟ್ಟೆ.

ಈಗ ಹಾಲೇಶಪ್ಪನವರ ವಿಷಯ. ಅವರು ಹೊಲಗದ್ದೆಗಳಲ್ಲಿ ತಿರುಗಿ ರೈತರಿಗೆ ಪೈರಿನ ರೋಗ, ಕೀಟಗಳ ಬಗ್ಗೆ ತಿಳಿಹೇಳುವ ನೌಕರಿಯಲ್ಲಿದ್ದವರು. ಹೆಗಲಿಗೆ ಯಾವಾಗಲೂ ಕ್ಯಾಮೆರಾ. ಕುಕ್ಕುವಾಡದ ಕಡೆಯ ಭತ್ತದ ಗದ್ದೆಗಳಲ್ಲಿ ತೆಗೆದ ಸ್ಲೈಡುಗಳನ್ನು ಊರೂರಿಗೆ ಒಯ್ದು, ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದರು. ನಮ್ಮಲ್ಲಿ ಸ್ಕ್ಯಾನರು ಬಂದ ಹೊಸದರಲ್ಲೇ, ಇನ್ನೂ ಅದು ಮಾಲೀಕರ ಕೈಯಲ್ಲಿದ್ದಾಗ, ಅವರ ಕಚೇರಿಯವರು ಆ ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಲು ಕಳಿಸಿದ್ದರು. ಡಬ್ಬ ಹಿಡಿದು ಬಂದವರು ಹಾಲೇಶಪ್ಪನವರೇ. ಎಲ್ಲವನ್ನೂ ಫ್ಲಾಪಿಗಳಲ್ಲಿ ಹಿಡಿಸಿ ಕೊಡಬೇಕಿತ್ತು. ಫ್ಲಾಪಿ ಎಂಬ ಆ ಚೌಕದ ತಟ್ಟೆಯಲ್ಲಿ ಹಿಡಿಸುವುದೇ ಅಷ್ಟಿಷ್ಟು. ಮುನ್ನೂರಕ್ಕೆ ಹಾಕಿದರೆ ಒಂದರಲ್ಲಿ ನಾಲ್ಕು ಚಿತ್ರ ಕೂಡುತ್ತಿದ್ದವು. ಸಾವಿರದ ಇನ್ನೂರಕ್ಕೆ ಹಾಕಿದ್ದರೆ ಒಂದು ಚಿತ್ರಕ್ಕೂ ಜಾಗ ಸಾಲುತ್ತಿರಲಿಲ್ಲ. ಸಿ.ಡಿ. ಬರೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಚನ್ನಬಸಪ್ಪನವರು ಮುನ್ನೂರಕ್ಕೆ ಹಾಕಿ ಕೊಟ್ಟರು, ಎಲ್ಲರಿಗೂ ಸಮಾಧಾನವಾಯಿತು. ಅದಾದ ಮೇಲೆ ಹಾಲೇಶಪ್ಪನವರು ನಿವೃತ್ತರಾದರೆಂದು ಕೇಳಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಅವರು ಒಬ್ಬರೇ ಬಂದರು. ಮೊದಲು ನನಗೆ ಗುರುತೇ ಹತ್ತಲಿಲ್ಲ. ಅಂಗಿ ಮೈಮೇಲೆ ನೇತಾಡುತ್ತಿತ್ತು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಫ್ಲಾಪಿ ತೆಗೆದು ನನ್ನ ಕೈಗೆ ಕೊಡದೆ, ಹಾಗೇ ಹಿಡಿದುಕೊಂಡು ಮಾತಾಡಿದರು.

ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಶೈಲಾ. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಮೆದುಳು ಜ್ವರ ಬಂದು ತೀರಿಕೊಂಡಿದ್ದಳು. ತಾಯಿ ಸರ್ವಮಂಗಳಮ್ಮ ಮಗಳ ಫೋಟೋಗಳನ್ನು ಮಡಿಲಲ್ಲಿ ಹರವಿಕೊಂಡು ಕೂತರೆ ಏಳುತ್ತಿರಲಿಲ್ಲವಂತೆ, ಅನ್ನ ಬಿಟ್ಟರಂತೆ. ಇವು ಕಣ್ಣೆದುರು ಇರುವ ತನಕ ಇವಳು ಉಳಿಯುವುದಿಲ್ಲ ಎಂದು ಮನೆಯ ಹಿರಿಯರು ತೀರ್ಮಾನಿಸಿ, ಹುಡುಗಿಯ ಬಟ್ಟೆಬರೆಯ ಗಂಟಿನೊಳಗೆ ಆಲ್ಬಮ್ಮನ್ನೂ ನೆಗೆಟಿವುಗಳನ್ನೂ ಗೋಡೆಯ ಫೋಟೋವನ್ನೂ ಕಟ್ಟಿ, ಹರಿಹರಕ್ಕೆ ಒಯ್ದು ಹೊಳೆಗೆ ಬಿಟ್ಟುಬಂದರು. ಯಾರದೂ ಕೆಟ್ಟ ಮನಸ್ಸಲ್ಲ. ತಿಂಗಳುಗಳು ಕಳೆದು ತಾಯಿ ಚೇತರಿಸಿಕೊಂಡರು. ಮನೆಗೆಲಸಕ್ಕೆ ಕೈಹಾಕಿದರು. ಒಂದು ದಿನ ಅಡುಗೆ ಮನೆಯಿಂದ ಓಡಿ ಬಂದು, ಶೈಲಾಳ ಮುಖ ನೆನಪಿಗೆ ಬರುತ್ತಿಲ್ಲ, ಒಂದು ಫೋಟೋ ಕೊಡಿ ಎಂದು ಗಂಡನ ಕೈ ಹಿಡಿದರು. ಕೊಡಲಿಕ್ಕೆ ಮನೆಯಲ್ಲಿ ಒಂದೂ ಇರಲಿಲ್ಲ. ನೆಂಟರ ಮದುವೆ ಆಲ್ಬಮ್ಮುಗಳನ್ನು ಹುಡುಕಿದರು. ಒಂದರಲ್ಲಿ ಜಡೆ ಸಿಕ್ಕಿತು, ಇನ್ನೊಂದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕೆನ್ನೆ ಸಿಕ್ಕಿತು.

ಆಗ ಹಾಲೇಶಪ್ಪನವರಿಗೆ ಕುಕ್ಕುವಾಡದ ಸ್ಲೈಡು ನೆನಪಾಯಿತು. ಒಂದು ರಜೆಯ ದಿನ ಮಗಳನ್ನು ಗದ್ದೆಗೆ ಕರೆದೊಯ್ದಿದ್ದರು. ಪೈರು ಎಷ್ಟೆತ್ತರ ಬೆಳೆದಿದೆಯೆಂದು ರೈತರಿಗೆ ತಿಳಿಯಲೆಂದು ಅವಳ ಕೈಗೆ ಅಳತೆಯ ಕೋಲು ಕೊಟ್ಟು, ಭತ್ತದ ಪಕ್ಕ ನಿಲ್ಲಿಸಿ ಚಿತ್ರ ತೆಗೆದಿದ್ದರು. ಮನೆಯಲ್ಲಿ ಅದನ್ನು ಯಾರೂ ಶೈಲಾಳ ಫೋಟೋ ಎಂದು ಎಣಿಸಿರಲಿಲ್ಲ. ಅದು ಭತ್ತದ ಫೋಟೋ, ಆಫೀಸಿನ ಡಬ್ಬದಲ್ಲಿತ್ತು, ಹಾಗಾಗಿ ಹೊಳೆಗೆ ಹೋಗದೆ ಉಳಿಯಿತು. ಅವರು ಹಳೆಯ ಕಚೇರಿಗೆ ಓಡಿದರು. ಕಂಪ್ಯೂಟರಿಗೆ ಹಾಕಿಯಾಯಿತಲ್ಲ ಎಂದು ಬೂಷ್ಟು ಹಿಡಿದ ಸ್ಲೈಡುಗಳನ್ನು ಅಲ್ಲಿ ಹಳೆಯ ಸಾಮಾನಿನ ಜೊತೆ ವಿಲೇವಾರಿ ಮಾಡಿದ್ದರು. ಫ್ಲಾಪಿ ಮಾತ್ರ ಸಿಕ್ಕಿತು.

ನಾನು ಅದನ್ನು ಕಂಪ್ಯೂಟರಿಗೆ ಹಾಕಿದೆ. ಹಸಿರು ಗದ್ದೆ, ಮೇಲೆ ಬಿಳಿ ಆಕಾಶ, ಬದುವಿನ ಮೇಲೆ ನೀಲಿ ಲಂಗದ ಹುಡುಗಿ. ಪರದೆಯ ಒಂದು ಮೂಲೆಯಷ್ಟಿದ್ದ ಚಿತ್ರದಲ್ಲಿ ಅವಳು ನಗುತ್ತಿರುವುದು ತಿಳಿಯುತ್ತಿತ್ತು. ದೊಡ್ಡದು ಮಾಡಿದೆ. ನಗು ಹೋಯಿತು. ಇನ್ನೂ ದೊಡ್ಡದು ಮಾಡಿದೆ, ಕಂದು, ಕಪ್ಪು, ಗೋಧಿ ಬಣ್ಣದ ಚೌಕಗಳು ಉಳಿದವು. ಹಣೆಯಿಂದ ಗದ್ದದವರೆಗೆ ಎಣಿಸಿದೆ. ಇಪ್ಪತ್ತು ಚುಕ್ಕೆ. ಅದೇ ಯಂತ್ರ, ಅದೇ ಸ್ಲೈಡು. ಅಂದು ಸಾವಿರದ ಇನ್ನೂರಕ್ಕೆ ಹಾಕಿದ್ದರೆ ಆ ಮುಖಕ್ಕೆ ಎಂಬತ್ತು ಚುಕ್ಕೆ ಸಿಗುತ್ತಿತ್ತು. ಅಂಗೈಯಲ್ಲಿ ಹಿಡಿದು ನೋಡುವಷ್ಟು ಮಗಳು ಆ ತಾಯಿಗೆ ಉಳಿಯುತ್ತಿದ್ದಳು.

ಹಾಲೇಶಪ್ಪನವರು ಅದನ್ನೇ ಕೇಳಿದರು. "ತಂಗೀ, ಅವಾಗ್ಲೇ ಬ್ಯಾರೆ ಥರ ಹಾಕಿದ್ರೆ ಬರ್ತಿತ್ತೇನು?"

ಹಿಂದೆ ನಿಂತಿದ್ದ ಚನ್ನಬಸಪ್ಪನವರೇ ಮುಂದೆ ಬಂದು, "ಬರ್ತಿತ್ತು ಸರ್. ಹಾಕಿದವ್ನು ನಾನೇ" ಎಂದರು. ಅವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ. ಅಂದು ಮಾತ್ರ ಅವರ ಮೇಲೆ ಗೌರವ ಬಂತು.

ಹಾಲೇಶಪ್ಪನವರು ಅವರ ಕಡೆ ನೋಡಲೂ ಇಲ್ಲ. ಪರದೆಯನ್ನೇ ನೋಡುತ್ತಾ, "ನಿಮ್ದೇನೈತ್ರಿ ಇದ್ರಾಗೆ. ಭತ್ತದ ರೋಗ ಕಂಡ್ರೆ ಸಾಕು, ಫ್ಲಾಪಿಗೆ ಹಿಡಿಸಿಬಿಡ್ರಿ ಅಂದವ್ನು ನಾನು" ಎಂದರು. ಮಗಳು ಆಗ ಮನೆಯಲ್ಲೇ ಇದ್ದಳಲ್ಲ. ಫೋಟೋದಲ್ಲಿ ಅವಳನ್ನು ನೋಡಬೇಕೆಂದು ಯಾರಿಗೆ ಅನ್ನಿಸುತ್ತದೆ?

ಆಮೇಲೆ ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಂಪ್ಯೂಟರಿಗೆ ಚುಕ್ಕೆಗಳ ನಡುವೆ ಊಹಿಸಿ ತುಂಬಲು ಹೇಳಿದೆ. ಚೌಕಗಳು ಕರಗಿದವು, ಆದರೆ ಮುಖ ಹಬೆ ಕೂತ ಬಚ್ಚಲುಮನೆಯ ಕನ್ನಡಿಯಲ್ಲಿ ಕಂಡಂತೆ ಕಲಸಿಹೋಯಿತು. ಈಗಿನ ಯಂತ್ರಗಳು ಇದಕ್ಕಿಂತ ಜಾಣತನದಿಂದ ತುಂಬುತ್ತವಂತೆ, ಇಲ್ಲದ ರೆಪ್ಪೆ, ಇಲ್ಲದ ಹಲ್ಲು ಎಲ್ಲ ಬರೆದುಕೊಡುತ್ತವಂತೆ. ಅದು ನೋಡುವುದಲ್ಲ, ಊಹಿಸುವುದು, ಇದನ್ನು ಮರೆಯಬೇಡಿ. ಚನ್ನಬಸಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, ಡ್ರಾಯರಿನಿಂದ ಬ್ರಷ್ಷು ತೆಗೆಯಲು ಹೇಳಿದರು. ತಾಯಿಯನ್ನು ಕರೆಸಿ ಎದುರಿಗೆ ಕೂಡಿಸಿಕೊಂಡು ಕಣ್ಣು ತೆರೆಸಿಬಿಡು, ಎಷ್ಟು ಜನಕ್ಕೆ ಮಾಡಿಲ್ಲ ನೀನು ಎಂದರು. ನನಗೂ ಆಸೆಯಾಯಿತೆಂದೇ ಹೇಳಬೇಕು. ಅಳುತ್ತಾ ಹೋಗಲಿ, ಏನಾದರೂ ತೆಗೆದುಕೊಂಡು ಹೋಗಲಿ ಎನ್ನಿಸಿತು.

ಹಾಲೇಶಪ್ಪನವರಿಗೆ ನಮ್ಮ ಮಾತು ಕೇಳಿಸಿತ್ತು. ಪರದೆಯ ಮೇಲಿದ್ದ ಚೌಕಗಳನ್ನು ಬೆರಳಿನಿಂದ ತೋರಿಸಿ, "ಈಗ ಇರೋವಷ್ಟೂ ಅವಳವೇ ಏನು?" ಎಂದರು.

"ಹೌದ್ರಿ ಸರ್, ಅಷ್ಟೂ ಅವಳವೇ. ಆ ದಿನ ಅವಳ ಮುಖದಿಂದ ಬಂದ ಬೆಳಕೇ ಅದು" ಎಂದೆ.

"ಹಂಗಿದ್ರೆ ಬ್ಯಾರೆಯವ್ರದು ಒಂದೂ ಸೇರಿಸಬ್ಯಾಡ" ಎಂದರು.

ಆ ಇಪ್ಪತ್ತು ಚುಕ್ಕೆ ಚೆನ್ನಾಗಿ ಕಾಣುವಷ್ಟೇ ಅಳತೆಗೆ ನಾನು ಒಂದು ಚಿತ್ರ ಛಾಪಿಸಿದೆ. ಅಂಚೆ ಚೀಟಿಗಿಂತ ಸಣ್ಣದು. ಮರುದಿನ ಅವರು ಸರ್ವಮಂಗಳಮ್ಮನವರನ್ನು ಕರೆತಂದರು. ಆ ತಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದರು. ಏನೂ ಕಾಣುವುದಿಲ್ಲ ಎಂದರು. ಅವರಿಗೆ ಬೇಕಿದ್ದದ್ದು ಗೋಡೆಯ ಫೋಟೋ, ಮನೆಯಲ್ಲಿ ತೂಗುಹಾಕಿದ್ದ ತಮ್ಮ ಅತ್ತೆಯ ಫೋಟೋದಷ್ಟೇ ದೊಡ್ಡದು. ಅತ್ತೆಗೆ ಅಷ್ಟು ದೊಡ್ಡದಿದ್ದು ಮಗಳಿಗೆ ಇಷ್ಟು ಸಣ್ಣದು ಯಾಕೆ ಎಂಬುದು ಅವರಿಗೆ ಹೇಗೆ ಹೇಳಿದರೂ ತಿಳಿಯಲಿಲ್ಲ. ಕರ್ಚೀಫು, ಜಮಖಾನೆಯ ಮಾತು ನನ್ನ ಬಾಯಿಗೆ ಬಂದು ಹಾಗೇ ನಿಂತಿತು. ಹಾಲೇಶಪ್ಪನವರು, ಅವಳು ಕೇಳಿದಷ್ಟು ದೊಡ್ಡದು ಮಾಡಿಕೊಡು, ಹೇಗೆ ಬರುತ್ತದೋ ಹಾಗೆ ಬರಲಿ ಎಂದರು.

ಊಹಿಸಿ ತುಂಬುವುದನ್ನು ನಿಲ್ಲಿಸಿ, ತಲೆಯಿಂದ ಭುಜದವರೆಗಿನ ಭಾಗವನ್ನು ನಮ್ಮ ಇಂಕ್‌ಜೆಟ್ ಪ್ರಿಂಟರಿನ ದೊಡ್ಡ ಹಾಳೆಗೆ ಹಿಗ್ಗಿಸಿ ಛಾಪಿಸಿದೆ. ಒಂದೊಂದು ಚುಕ್ಕೆಯೂ ಕಿರುಬೆರಳ ಉಗುರಿನಷ್ಟು ಚೌಕವಾಗಿತ್ತು. ಹಾಳೆಯನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ನನಗೇ ನಾಚಿಕೆಯಾಯಿತು. ಬಟ್ಟೆ ವ್ಯಾಪಾರಿಯ ದೇವಿ ಇದಕ್ಕಿಂತ ನೂರು ಪಾಲು ಮೇಲು. ಸರ್ವಮಂಗಳಮ್ಮ ಅದರ ತೀರ ಹತ್ತಿರ ಹೋಗಿ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿ ಹೊರಗೆ ನಡೆದರು. ಗಂಡ ಚಪ್ಪಲಿ ಮೆಟ್ಟಿಕೊಂಡು ಬರುವವರೆಗೆ ಬಾಗಿಲಲ್ಲಿ ನಿಂತಿದ್ದವರು, ಹಿಂದಿರುಗಿ ಒ‌ಳಗೆ ನೋಡಿದರು.

"ಅಯ್ಯ, ಶೈಲಿ" ಎಂದರು.

ನಾನು ಗಾಬರಿಯಾಗಿ ಎದ್ದು ಅವರ ಪಕ್ಕಕ್ಕೆ ಹೋದೆ. ಅವರ ಕಣ್ಣು ಹೋದ ಕಡೆ ನೋಡಿದೆ. ಅಷ್ಟು ದೂರದಿಂದ ಚೌಕಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಮೇಜಿನ ಮೇಲೆ ಒಬ್ಬ ಹುಡುಗಿ, ಬಿಸಿಲಿಗೆ ಸ್ವಲ್ಪ ಕಣ್ಣು ಕಿರಿದು ಮಾಡಿಕೊಂಡು, ಒಂದು ಕಡೆಗೆ ತುಸು ತಲೆ ವಾಲಿಸಿ ನಗುತ್ತಿದ್ದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ತಾಯಿ ಕೈಚಾಚಿಕೊಂಡು ಅವಳ ಕಡೆ ನಡೆದರು. ಕೋಣೆಯ ನಡುವೆ ಬಂದವರು ಗಕ್ಕನೆ ನಿಂತರು. ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಮುಂದೆ ಬಂದರು, ಮತ್ತೆ ಹಿಂದೆ ಹೋದರು. ಹೀಗೆ ಮಾಡುತ್ತಲೇ ಅವರಿಗೆ ಎಲ್ಲವೂ ತಿಳಿಯಿತು. ಪಿಕ್ಸೆಲ್ ಎಂಬ ಮಾತನ್ನು ಕೇಳಿಯೂ ಇರದ ಅವರಿಗೆ ನಾನು ಇನ್ನು ಹೇಳುವುದು ಏನೂ ಉಳಿದಿರಲಿಲ್ಲ. ಕೊನೆಗೆ ಬಾಗಿಲಿಗೇ ಹೋಗಿ ನಿಂತು, ಇದನ್ನೇ ಕಟ್ಟು ಹಾಕಿಸಿಕೊಡಿ ಎಂದರು.

ಕಟ್ಟು ಹಾಕಿಸಿದ ಮೇಲೆ ಅದನ್ನು ನಿಜಲಿಂಗಪ್ಪ ಬಡಾವಣೆಯಲ್ಲಿದ್ದ ಅವರ ಮನೆಗೆ ನಾನೇ ಒಯ್ದೆ. ಅತ್ತೆಯ ಫೋಟೋವನ್ನು ಪಕ್ಕಕ್ಕೆ ಸರಿಸಿ, ಪಡಸಾಲೆಯ ಗೋಡೆಯ ನಡುವೆ ಹಾಲೇಶಪ್ಪನವರು ಮೊಳೆ ಹೊಡೆದಿದ್ದರು. ತೂಗುಹಾಕಿ ಅವರು ಹಾರ ತರಲೆಂದು ಹೊರಗೆ ಹೋದರು. ಸರ್ವಮಂಗಳಮ್ಮ ಪಡಸಾಲೆಗೆ ಬರಲಿಲ್ಲ. ಹಿಂದೆ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತಿದ್ದರು. ನನ್ನನ್ನು ಅಲ್ಲಿಗೇ ಕರೆದು ಕುಂಕುಮದ ಭರಣಿ ಕೊಟ್ಟರು.

"ನೀವೇ ಹಚ್ಚಿ ಬರ್ರಿ ಅಕ್ಕಾರೆ. ನಾನು ಅಲ್ಲಿಗೆ ಬಂದ್ರೆ ಅವಳು ಇರಂಗಿಲ್ಲ."

ನಾನು ಹೋಗಿ ಗೋಡೆಯ ಮುಂದೆ ನಿಂತೆ. ಬೆರಳಿಗೆ ಕುಂಕುಮ ತಗೊಂಡು ಕೈ ಎತ್ತಿದೆ. ನನ್ನೆದುರು ಬರೀ ಚೌಕಗಳಿದ್ದವು. ಇಷ್ಟು ವರ್ಷ ಮುಖಗಳನ್ನೇ ತಿದ್ದಿದ ನನಗೆ ಆ ಹುಡುಗಿಯ ಹಣೆ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಕೂದಲು ಯಾವುದು, ಹುಬ್ಬು ಯಾವುದು ತಿಳಿಯದೆ ಬೆರಳು ಗಾಜಿನ ಮುಂದೆ ಸುಮ್ಮನೆ ಆಡುತ್ತಿತ್ತು. ಹಿಂದಿನಿಂದ ಸರ್ವಮಂಗಳಮ್ಮನ ದನಿ ಕೇಳಿಸಿತು. ಮಗುವಿನ ತಲೆ ಬಾಚುವಾಗ ಆಡುವಂಥ ಮೆಲ್ಲನೆಯ ದನಿ.

"ಇನ್ನಷ್ಟು ಮ್ಯಾಲೆ... ಅಲ್ಲಲ್ಲ, ಅದು ಕಣ್ಣು. ಬಲಕ್ಕೆ ಬರ್ರಿ. ಹಾಂ, ಅಲ್ಲೇ."

ಅವರು ಹೇಳಿದ ಕಡೆ ಬೆರಳಿಟ್ಟೆ.